ಬಿಸಿಲು, ಭಾರ, ನಿಧಾನ: ಶಿರಾಡಿ ಘಟ್ಟದಲ್ಲಿ ಡಾಂಬರಿನ ನಡತೆ

ಕಾಂಕ್ರೀಟು ಬರುವುದಕ್ಕೆ ಮೊದಲಿನ ಶಿರಾಡಿ ಘಟ್ಟವನ್ನು ಬೇಸಿಗೆಯಲ್ಲಿ ಹಾದುಹೋದವರಿಗೆ ಆ ನೋಟದ ಪರಿಚಯವಿದ್ದೇ ಇರುತ್ತದೆ. ಏಪ್ರಿಲ್ ತಿಂಗಳ ನಡುಹಗಲು. ತೋಟಗಳಲ್ಲಿ ಕಾಫಿಯ ಹೂವು ಉದುರಿ ವಾರಗಳು ಕಳೆದಿವೆ. ಸಕಲೇಶಪುರವನ್ನು ಬಿಟ್ಟು, ದೋಣಿಗಾಲ್ ದಾಟಿ, ಮಾರನಹಳ್ಳಿಯತ್ತ ಇಳಿಯುವ ಹೆದ್ದಾರಿಯಲ್ಲಿ ಮರದ ನೆರಳು ತಪ್ಪಿದೆಡೆಯಲ್ಲೆಲ್ಲ ಬಿಸಿಲಿನ ಝಳ ಕಣ್ಣಿಗೆ ಕಾಣುವಂತೆ ನಡುಗುತ್ತಿದೆ. ಮಂಗಳೂರಿನ ಕಡೆಯಿಂದ ಏರಿ ಬರುವ ಹತ್ತು ಚಕ್ರದ ಲಾರಿಗಳೂ ಅನಿಲ ತುಂಬಿದ ಬುಲೆಟ್ ಟ್ಯಾಂಕರುಗಳೂ, ಸೈಕಲ್ಲು ತುಳಿಯುವವನು ಕೂಡ ಹಿಂದಿಕ್ಕಬಹುದಾದಷ್ಟು ಮೆಲ್ಲಗೆ, ಮೊದಲನೆಯ ಗೇರಿನಲ್ಲಿ ಮೊರೆಯುತ್ತ ಒಂದರ ಬೆನ್ನಿಗೊಂದಾಗಿ ಸಾಗುತ್ತಿವೆ. ಇಳಿಯುವವು ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಯುತ್ತಿವೆ, ತಿರುವು ತಿರುವಿನಲ್ಲೂ ಕಾದ ರಬ್ಬರಿನ ವಾಸನೆ ಹರಡಿದೆ. ರಸ್ತೆಯನ್ನು ನೋಡಿದರೆ, ಗಾಲಿಗಳು ಹಾಯುವ ಎರಡು ಸಾಲುಗಳು ಹಳ್ಳ ಬಿದ್ದು, ಆ ಹಳ್ಳಗಳ ಇಕ್ಕೆಲಗಳಲ್ಲಿ ಡಾಂಬರು ಮೇಲೆದ್ದು ದಿಂಡು ಕಟ್ಟಿದೆ. ಅಂಚಿನಲ್ಲಿ ಬಳಿದಿದ್ದ ಬಿಳಿಯ ಪಟ್ಟೆ, ಬಳಿದ ದಿನ ನೆಟ್ಟಗಿದ್ದದ್ದು, ತಿರುವಿನ ಬಳಿ ಬಳುಕಿ ಇಳಿಜಾರಿನ ಕಡೆಗೆ ಜರುಗಿದೆ.

ಇಂಥ ಹಾದಿಯಲ್ಲಿ ಕುಲುಕಾಡುತ್ತ ಸಾಗುವ ಬಸ್ಸಿನಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: ಡಾಂಬರು ಸರಿಯಾಗಿ ಹಾಕಿಲ್ಲ, ದುಡ್ಡು ತಿಂದು ಹಾಕಿದ್ದಾರೆ. ಕಳಪೆ ಕಾಮಗಾರಿ ನಮ್ಮಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳುವ ಧೈರ್ಯ ಯಾರಿಗೂ ಇರಲಾರದು. ಆದರೆ ಅಳತೆ ತೂಕಗಳೆಲ್ಲ ಸರಿಯಾಗಿದ್ದು ನಿಷ್ಠೆಯಿಂದ ಕಟ್ಟಿದ ರಸ್ತೆಯೂ, ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಬಾಳಬಲ್ಲ ರಸ್ತೆಯೂ, ಈ ಇಳಿಜಾರಿನಲ್ಲಿ ಕೆಲವೇ ಬೇಸಿಗೆಗಳಲ್ಲಿ ರೂಪಗೆಟ್ಟು ಹೋಗುವುದುಂಟು. ಅದರ ಕಾರಣ ಡಾಂಬರೆಂಬ ಪದಾರ್ಥದ ಮೂಲಸ್ವಭಾವದಲ್ಲಿಯೇ ಇದೆ. ಆ ಸ್ವಭಾವವನ್ನು ಅರಿತಾಗ, ಬಯಲಿನ ರಸ್ತೆಗಾಗಿ ಮಾಡಿದ ನಿಯಮವನ್ನು ಘಟ್ಟದ ರಸ್ತೆಯ ಮೇಲೆ ಹೇರುವುದು ಎಷ್ಟು ದೊಡ್ಡ ತಪ್ಪೆಂಬುದೂ ಸ್ಪಷ್ಟವಾಗುತ್ತದೆ.

ಘನವೋ ದ್ರವವೋ

ಡಾಂಬರು ರಸ್ತೆ ಎನ್ನುತ್ತೇವಾದರೂ ಅದರಲ್ಲಿ ಡಾಂಬರಿನ ಪಾಲು ಅತ್ಯಲ್ಪ. ಹೆದ್ದಾರಿಯ ಮೇಲ್ಪದರದ ನೂರು ಕಿಲೋ ಮಿಶ್ರಣದಲ್ಲಿ ಸುಮಾರು 95 ಕಿಲೋ ಜಲ್ಲಿ ಮತ್ತು ಕಲ್ಲಿನ ಪುಡಿ. ಉಳಿದ ಐದು ಕಿಲೋ ಮಾತ್ರ ಡಾಂಬರು. ಇವಲ್ಲದೆ, ರೋಲರು ಹಾಯ್ದ ಮೇಲೂ ಗಾತ್ರದಲ್ಲಿ ನೂರಕ್ಕೆ ಮೂರರಿಂದ ಐದು ಪಾಲಿನಷ್ಟು ಗಾಳಿ ಸಣ್ಣ ಸಣ್ಣ ಪೊಳ್ಳುಗಳಲ್ಲಿ ಉಳಿದಿರಬೇಕು. ಭಾರವನ್ನು ಹೊರುವುದು ಒಂದಕ್ಕೊಂದು ಒರಗಿ ನಿಂತ ಜಲ್ಲಿಯ ಹರಳುಗಳು. ಅವುಗಳನ್ನು ಚದುರಗೊಡದೆ ಹಿಡಿದಿಡುವುದು ಡಾಂಬರು. ಕಚ್ಚಾ ತೈಲದಿಂದ ಪೆಟ್ರೋಲು ಡೀಸೆಲುಗಳನ್ನೆಲ್ಲ ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವ ಗಷ್ಟೇ ಇದು. ಮಂಗಳೂರಿನ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರದಲ್ಲಿ ಇದು ತಯಾರಾಗುತ್ತದೆ. ಬಿಸಿ ಡಾಂಬರನ್ನು ತುಂಬಿಕೊಂಡ ಟ್ಯಾಂಕರುಗಳು ಒಳನಾಡಿಗೆ ಬರುವುದೂ ಘಟ್ಟವನ್ನು ಹತ್ತಿಯೇ.

ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕವಾಗಿ ಹರಿದಾಡಿದ ಬೆಲ್ಲ ಅಚ್ಚಿನಲ್ಲಿ ಆರಿದ ಮೇಲೆ ಕಲ್ಲಿನಂತಾಗುವುದನ್ನು ನಾವು ನೋಡಿದ್ದೇವೆ. ಡಾಂಬರೂ ಕಾಯಿಸಿದಾಗ ಹರಿದು ಆರಿದಾಗ ಗಟ್ಟಿಯಾಗುತ್ತದೆ. ಆದರೆ ಇಲ್ಲಿಗೆ ಕರಗಿತು, ಇಲ್ಲಿಗೆ ಹೆಪ್ಪುಗಟ್ಟಿತು ಎಂದು ಗೆರೆ ಎಳೆಯುವುದಕ್ಕೆ ಡಾಂಬರಿನಲ್ಲಿ ಅವಕಾಶವಿಲ್ಲ. ಉಷ್ಣತೆ ಏರಿದ ಹಾಗೆಲ್ಲ ಅದು ಎಳೆಎಳೆಯಾಗಿ ಮೆತ್ತಗಾಗುತ್ತ ಹೋಗುತ್ತದೆ. ಗಟ್ಟಿಯಾಗಿ ತೋರುವಾಗಲೂ ಹರಿಯುವ ಗುಣವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿರುವುದಿಲ್ಲ.

ಈ ಗುಣವನ್ನು ವಿದ್ಯಾರ್ಥಿಗಳ ಕಣ್ಣಿಗೆ ಕಾಣಿಸಬೇಕೆಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕರಾದ ಥಾಮಸ್ ಪಾರ್ನೆಲ್ ಅವರು 1927ರಲ್ಲಿ ಒಂದು ಪ್ರಯೋಗವನ್ನು ಹೂಡಿದರು. ಡಾಂಬರಿನ ಜಾತಿಯದೇ ಆದ ಪಿಚ್ ಎಂಬ ಪದಾರ್ಥವನ್ನು, ಸುತ್ತಿಗೆಯಿಂದ ಹೊಡೆದರೆ ಗಾಜಿನ ಹಾಗೆ ಚೂರಾಗುವಂಥದನ್ನು, ಕಾಯಿಸಿ ಒಂದು ಗಾಜಿನ ಆಲಿಕೆಗೆ ಸುರಿದು, ಅದು ನೆಲೆಗೊಳ್ಳಲೆಂದು ಮೂರು ವರ್ಷ ಬಿಟ್ಟು, 1930ರಲ್ಲಿ ಆಲಿಕೆಯ ಕೊಳವೆಯನ್ನು ಕತ್ತರಿಸಿದರು. ಅಂದಿನಿಂದ ಆ ಪಿಚ್ ತೊಟ್ಟಿಕ್ಕುತ್ತಲೇ ಇದೆ. ಆದರೆ ಒಂದು ತೊಟ್ಟು ಬೀಳುವುದಕ್ಕೆ ಎಂಟು ಹತ್ತು ವರ್ಷ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಒಂಬತ್ತನೆಯ ತೊಟ್ಟು ಬಿದ್ದದ್ದು 2014ರಲ್ಲಿ. ಸುತ್ತಿಗೆಯ ಪೆಟ್ಟು ಕ್ಷಣಾರ್ಧದ್ದು, ಆ ಪೆಟ್ಟಿನ ಮುಂದೆ ಪಿಚ್ ಘನ. ಗುರುತ್ವಾಕರ್ಷಣೆಯ ಸೆಳೆತ ವರ್ಷಗಟ್ಟಲೆಯದು, ಆ ಸೆಳೆತಕ್ಕೆ ಅದೇ ಪಿಚ್ ದ್ರವ.

ಲಾರಿಯ ಚಕ್ರ ಒಮ್ಮೆ ಹಾದುಹೋದಾಗ ರಸ್ತೆ ತುಸುವೇ ತಗ್ಗುತ್ತದೆ. ಆ ತಗ್ಗಿನಲ್ಲಿ ಮೂರು ಪಾಲುಗಳಿವೆಯೆಂದು ತಿಳಿಯಬೇಕು. ಮೊದಲನೆಯದು ಚಕ್ರ ಮುಂದೆ ಸರಿದ ಕೂಡಲೇ ಪುಟಿದು ಮೇಲೆ ಬರುತ್ತದೆ. ಎರಡನೆಯದು ತುಸು ತಡವಾಗಿ, ವಿಶ್ರಾಂತಿ ದೊರೆತರೆ ಮಾತ್ರ, ಮೆಲ್ಲಗೆ ಮೇಲೇಳುತ್ತದೆ. ಮೂರನೆಯದು ಎಂದಿಗೂ ಮೇಲೇಳುವುದಿಲ್ಲ. ಒಂದು ಚಕ್ರ ಬಿಟ್ಟುಹೋಗುವ ಈ ಮೂರನೆಯ ಪಾಲು ಯಾವ ಕಣ್ಣಿಗೂ ಕಾಣದಷ್ಟು ಅಲ್ಪ. ಲಕ್ಷಾಂತರ ಚಕ್ರಗಳ ಪಾಲು ಕೂಡಿದಾಗ ಅದು ಗಾಲಿಜಾಡಿನ ಹಳ್ಳವಾಗುತ್ತದೆ. ಮೂರು ಮೀಟರಿನ ನೇರಪಟ್ಟಿಯೊಂದನ್ನು ರಸ್ತೆಗೆ ಅಡ್ಡಲಾಗಿ ಮಲಗಿಸಿ, ಅದರಡಿಗೆ ಅಳತೆಯ ಬೆಣೆಯನ್ನು ತೂರಿಸಿ ಈ ಹಳ್ಳವನ್ನು ಅಳೆಯುತ್ತಾರೆ. ಬೆಣೆ 20 ಮಿಲಿಮೀಟರ್ ತೋರಿಸಿದರೆ ಆ ರಸ್ತೆಯ ಬಾಳು ಮುಗಿಯಿತೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ವಿನ್ಯಾಸ ನಿಯಮ ಎಣಿಸುತ್ತದೆ.

ವಿಶ್ರಾಂತಿಯ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಚಕ್ರಕ್ಕೂ ಚಕ್ರಕ್ಕೂ ನಡುವೆ ಬಿಡುವು ಸಿಕ್ಕಿದರೆ ಡಾಂಬರು ತನ್ನ ಆಕಾರವನ್ನು ಕೊಂಚಮಟ್ಟಿಗೆ ಮರಳಿ ಪಡೆಯುವುದಷ್ಟೇ ಅಲ್ಲ, ಒಳಗೆ ಬಿಟ್ಟ ಸೂಕ್ಷ್ಮ ಬಿರುಕುಗಳನ್ನು ತಾನೇ ಬೆಸೆದುಕೊಳ್ಳುವುದೂ ಉಂಟು. ಇಂಥ ಪದಾರ್ಥವನ್ನು ಗಣಿತದ ಸಮೀಕರಣಗಳಲ್ಲಿ ಹಿಡಿಯುವುದು ಬಹು ಕಷ್ಟದ ವಿದ್ಯೆ. ಆ ವಿದ್ಯೆಯಲ್ಲಿ ದುಡಿದವರಲ್ಲಿ ಮದರಾಸಿನ ಐ.ಐ.ಟಿ.ಯ ಜೆ. ಮುರಳಿ ಕೃಷ್ಣನ್ ಅವರೂ ಅಮೆರಿಕೆಯ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಕೆ.ಆರ್. ರಾಜಗೋಪಾಲ್ ಅವರೂ ಪ್ರಮುಖರು. ಪ್ರಾಚೀನ ಕಾಲದಿಂದ ಇಂದಿನವರೆಗೆ ಡಾಂಬರಿನ ಬಳಕೆಯನ್ನೂ ಅದರ ನಡತೆಯ ಸಿದ್ಧಾಂತಗಳನ್ನೂ ಸಮೀಕ್ಷಿಸಿ 2003ರಲ್ಲಿ ಅವರಿಬ್ಬರೂ ಬರೆದ ದೀರ್ಘ ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ಆಧಾರಗ್ರಂಥದಂತಿದೆ.

ಬಿಸಿಲಿನ ಪಾಲು

ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ತಂಪು ಊರೆಂದು ಹೆಸರು ಪಡೆದಿರುವ ಈ ಸೀಮೆಯಲ್ಲಿ ಡಾಂಬರು ಮೆತ್ತಗಾಗುವಷ್ಟು ಬಿಸಿಲೆಲ್ಲಿ ಎಂದು ಯಾರಾದರೂ ಕೇಳಬಹುದು. ಗಾಳಿಯ ಉಷ್ಣತೆ ಬೇರೆ, ರಸ್ತೆಯ ಉಷ್ಣತೆ ಬೇರೆ. ಕಪ್ಪು ಮೇಲ್ಮೈ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುವುದರಿಂದ, ಗಾಳಿ 34 ಡಿಗ್ರಿ ಇರುವ ಮಧ್ಯಾಹ್ನ ಬಯಲಿಗೆ ತೆರೆದುಕೊಂಡ ರಸ್ತೆ 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆ ಕಾವು ಕೆಳಗಿನ ಪದರಗಳಿಗೆ ಇಳಿಯುವುದಕ್ಕೆ ಸಮಯ ಹಿಡಿಯುವುದರಿಂದ, ಸೂರ್ಯ ಪಡುವಣಕ್ಕೆ ವಾಲಿದ ಮೇಲೂ ಎರಡು ಮೂರು ಅಂಗುಲದ ಆಳದಲ್ಲಿ ರಸ್ತೆ ಕಾಯುತ್ತಲೇ ಇರುತ್ತದೆ. ಏಳುನೂರು ಮೀಟರಿಗೂ ಮಿಗಿಲಾಗಿ ಇಳಿದು ಗುಂಡ್ಯವನ್ನು ಸೇರಿದರಂತೂ ಕರಾವಳಿಯ ಸೆಕೆಯೇ ಎದುರಾಗುತ್ತದೆ. ಹೀಗೆ, ಒಂದೇ ದಿನ ಒಂದೇ ಹೊತ್ತಿನಲ್ಲಿ, ಒಂದೇ ಹೆದ್ದಾರಿಯ ಎರಡು ತುದಿಗಳಲ್ಲಿ ಡಾಂಬರು ಎರಡು ಬೇರೆ ಸ್ಥಿತಿಗಳಲ್ಲಿರುತ್ತದೆ.

ಈ ಸ್ಥಿತ್ಯಂತರ ಎಷ್ಟು ದೊಡ್ಡದೆಂಬುದಕ್ಕೆ ಅಂಕಿಗಳೇ ಸಾಕ್ಷಿ. ನಮ್ಮ ಹೆದ್ದಾರಿಗಳಲ್ಲಿ ಬಹುವಾಗಿ ಬಳಸುವ ವಿ.ಜಿ.-30 ಎಂಬ ದರ್ಜೆಯ ಡಾಂಬರಿನ ಸ್ನಿಗ್ಧತೆ 60 ಡಿಗ್ರಿಯಲ್ಲಿ ಕನಿಷ್ಠ 2400 ಪಾಯ್ಸ್ ಇರತಕ್ಕದ್ದು, ಎಂದರೆ ನೀರಿಗಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು ಗಡುಸಾಗಿ ಅದು ಹರಿಯುತ್ತದೆ. ಅದನ್ನೇ 135 ಡಿಗ್ರಿಗೆ ಕಾಯಿಸಿದರೆ ಆ ಗಡಸುತನ ನೂರಾರು ಪಟ್ಟು ಇಳಿದು, ಜಲ್ಲಿಯ ಪ್ರತಿಯೊಂದು ಹರಳಿಗೂ ತೆಳ್ಳಗೆ ಲೇಪಗೊಳ್ಳುವ ಹದಕ್ಕೆ ಬರುತ್ತದೆ. ಜಲ್ಲಿ ಬೆರೆತ ಮಿಶ್ರಣದ ಬಿಗಿತದ ಮಾತಾದರೆ, ರಸ್ತೆ ಕಾಂಗ್ರೆಸ್ಸು 2012ರ ವಿನ್ಯಾಸ ನಿಯಮದಲ್ಲಿ ಕೊಟ್ಟ ಕೋಷ್ಟಕದಂತೆ, 20 ಡಿಗ್ರಿಯಲ್ಲಿ ಇರುವ ಬಿಗಿತ 40 ಡಿಗ್ರಿಯಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಜನವರಿಯ ಮುಂಜಾವಿನ ಮಂಜಿನಲ್ಲಿ ಬಾಳ್ಳುಪೇಟೆಯನ್ನು ಹಾಯುವ ಲಾರಿಗೆ ದೊರೆಯುವ ರಸ್ತೆಯೂ, ಏಪ್ರಿಲ್‌ನ ಮಧ್ಯಾಹ್ನ ಅದೇ ಲಾರಿಗೆ ದೊರೆಯುವ ರಸ್ತೆಯೂ, ಹೊರನೋಟಕ್ಕೆ ಒಂದೇ ಆಗಿದ್ದರೂ ವಾಸ್ತವದಲ್ಲಿ ಬೇರೆ ಬೇರೆ ಪದಾರ್ಥಗಳು.

ನಿಧಾನವೆಂಬ ಭಾರ

ಉಷ್ಣತೆಯ ಪ್ರಭಾವವನ್ನು ಜನ ಊಹಿಸಬಲ್ಲರು. ವೇಗದ ಪ್ರಭಾವವನ್ನು ಊಹಿಸುವವರು ವಿರಳ. ವೇಗವಾಗಿ ಓಡುವ ವಾಹನ ರಸ್ತೆಯನ್ನು ಹೆಚ್ಚು ಕೆಡಿಸುತ್ತದೆಂದೇ ನಮ್ಮ ಸಾಮಾನ್ಯ ನಂಬಿಕೆ. ಡಾಂಬರಿನ ವಿಷಯದಲ್ಲಿ ನಿಜ ಇದಕ್ಕೆ ವಿರುದ್ಧವಾಗಿದೆ.

ಟೈರು ನೆಲವನ್ನು ಮುಟ್ಟುವ ಭಾಗ ಸುಮಾರು ಕಾಲು ಮೀಟರ್ ಉದ್ದವೆಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿಯ ಚಕ್ರ ರಸ್ತೆಯ ಒಂದು ಬಿಂದುವಿನ ಮೇಲೆ ಇರುವುದು ಸೆಕೆಂಡಿನ ನೂರರಲ್ಲಿ ಒಂದೂವರೆ ಪಾಲಿನಷ್ಟು ಕಾಲ. ಅದೇ ಲಾರಿ ಘಟ್ಟವನ್ನು ಗಂಟೆಗೆ 10 ಕಿಲೋಮೀಟರಿನಂತೆ ಹತ್ತುವಾಗ ಅದೇ ಬಿಂದುವಿನ ಮೇಲೆ ಆರು ಪಟ್ಟು ಹೆಚ್ಚು ಕಾಲ ನಿಲ್ಲುತ್ತದೆ. ಭಾರ ಒಂದು ಕಿಲೋವೂ ಹೆಚ್ಚಿಲ್ಲ. ಡಾಂಬರಿಗೆ ಹರಿಯುವುದಕ್ಕೆ ದೊರೆತ ಅವಕಾಶ ಆರುಮಡಿಯಾಗಿದೆ. ಕಾಲವನ್ನು ಹೆಚ್ಚಿಸುವುದೂ ಉಷ್ಣತೆಯನ್ನು ಹೆಚ್ಚಿಸುವುದೂ ಡಾಂಬರಿನ ಮಟ್ಟಿಗೆ ಒಂದೇ ಬಗೆಯ ಪರಿಣಾಮವನ್ನು ಉಂಟುಮಾಡುತ್ತವೆ. ನಿಧಾನವಾಗಿ ಏರುವ ಲಾರಿ, ರಸ್ತೆಯ ಪಾಲಿಗೆ, ಇನ್ನೂ ಹಲವು ಡಿಗ್ರಿ ಹೆಚ್ಚು ಬಿಸಿಯಾದ ದಿನದಲ್ಲಿ ಓಡಿದ ಲಾರಿಗೆ ಸಮ. ಮುಂದಿನ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತು, ಹಿಂದಿನ ನೂರು ಲಾರಿಗಳು ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತರೆ ಆಗುವ ಅನಾಹುತವನ್ನು ಓದುಗರು ತಾವೇ ಊಹಿಸಬಹುದು. ಅಂಥ ದಿನಗಳಲ್ಲಿ ಮೇಲೆ ಹೇಳಿದ ವಿಶ್ರಾಂತಿಯೂ ರಸ್ತೆಗೆ ಇಲ್ಲವಾಗುತ್ತದೆ.

ಇಳಿಜಾರು ತಾನೇ ಲಾರಿಯನ್ನು ನಿಧಾನಗೊಳಿಸುವುದರಿಂದ ಘಟ್ಟದಲ್ಲಿ ನಿಧಾನವನ್ನು ತಪ್ಪಿಸುವ ಉಪಾಯವಿಲ್ಲ. ಆದುದರಿಂದ ನಿಧಾನವನ್ನು ಭಾರದ ಲೆಕ್ಕದಲ್ಲೇ ಸೇರಿಸಿ ರಸ್ತೆಯನ್ನು ಕಟ್ಟಬೇಕೆಂಬುದೇ ನನ್ನ ಪ್ರಬಲವಾದ ಅಭಿಪ್ರಾಯ.

ಅದಿರು ಇಳಿದ ವರ್ಷಗಳು

ಇನ್ನು ಭಾರ. ಅಮೆರಿಕೆಯ ಇಲಿನಾಯ್ ರಾಜ್ಯದ ಒಟ್ಟಾವ ಎಂಬ ಊರಿನ ಬಳಿ 1958ರಿಂದ 1960ರವರೆಗೆ, ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಸೈನ್ಯದ ಚಾಲಕರು ಬೇರೆ ಬೇರೆ ಭಾರದ ಲಾರಿಗಳನ್ನು ಹಗಲಿರುಳು ಓಡಿಸಿದರು. ಆ ಪ್ರಯೋಗದಿಂದ ಹೊರಟ ನಿಯಮವನ್ನು ಇಂದಿಗೂ ಜಗತ್ತೆಲ್ಲ ಅನುಸರಿಸುತ್ತದೆ: ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಹೆಚ್ಚುಕಡಮೆ ಹದಿನಾರು ಪಟ್ಟಾಗುತ್ತದೆ. ಎಂಟು ಟನ್ನು ಹೊತ್ತ ಲಾರಿಯ ಒಂದು ಅಚ್ಚು ಮಾಡುವ ಹಾನಿಗೆ ಅರ್ಧ ಟನ್ನಿನ ಸಣ್ಣ ಕಾರಿನ ಅಚ್ಚುಗಳು ಅರುವತ್ತೈದು ಸಾವಿರ ಬೇಕಾಗುತ್ತವೆ. ನಮ್ಮ ವಿನ್ಯಾಸದ ಲೆಕ್ಕಕ್ಕೆ ಆಧಾರವಾದ ಅಚ್ಚಿನ ಭಾರ 8.16 ಟನ್ನು, ನಾಲ್ಕು ಟೈರಿನ ಒಂಟಿ ಅಚ್ಚಿಗೆ ಕಾನೂನು ಒಪ್ಪಿದ ಮಿತಿ 10.2 ಟನ್ನು ಇದ್ದದ್ದು 2018ರಲ್ಲಿ 11.5 ಟನ್ನಿಗೆ ಏರಿತು. ಅಂಕಿಯಲ್ಲಿ ಅಲ್ಪವೆನಿಸುವ ಈ ಏರಿಕೆಯಿಂದ, ಮೇಲಿನ ನಿಯಮದಂತೆ ಗುಣಿಸಿದಾಗ, ಕಾನೂನುಬದ್ಧವಾದ ಒಂದು ಅಚ್ಚಿನ ಹಾನಿ ಎರಡೂವರೆ ಪಟ್ಟಿನಿಂದ ನಾಲ್ಕು ಪಟ್ಟಿಗೆ ಹೋಯಿತು. ಕಾನೂನನ್ನು ಮೀರಿದ ಭಾರದ ಮಾತು ಬೇರೆ.

ಶಿರಾಡಿಗೆ ಆ ಬೇರೆ ಮಾತಿನ ಕಹಿ ಅನುಭವ ಬೇಕಾದಷ್ಟಿದೆ. ಹಾಸನ–ಮಂಗಳೂರು ಮೀಟರ್‌ಗೇಜು ರೈಲುಹಾದಿಯನ್ನು ಅಗಲಗೊಳಿಸುವ ಸಲುವಾಗಿ ತೊಂಬತ್ತರ ದಶಕದ ನಡುವಿನಲ್ಲಿ ಮುಚ್ಚಿದ್ದು, ಅದರ ಮೇಲೆ ಸರಕುಗಾಡಿಗಳು ಮತ್ತೆ ಓಡತೊಡಗಿದ್ದು 2006ರಲ್ಲಿ. ಆ ಹತ್ತು ವರ್ಷ ಬಂದರಿಗೂ ಒಳನಾಡಿಗೂ ನಡುವಣ ಸರಕೆಲ್ಲ ಘಟ್ಟದ ರಸ್ತೆಗಳನ್ನೇ ಹಿಡಿಯಬೇಕಾಯಿತು. ಅದೇ ಕಾಲಕ್ಕೆ ಕಬ್ಬಿಣದ ಅದಿರಿನ ರಫ್ತು ಉಕ್ಕೇರಿ, ಅದಿರು ಹೇರಿದ ಲಾರಿಗಳು ಪಣಂಬೂರಿನ ನವಮಂಗಳೂರು ಬಂದರಿಗೆ ಈ ಹಾದಿಯಲ್ಲಿ ಸಾಲುಗಟ್ಟಿದವು; 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸುವವರೆಗೆ ಆ ಸಾಲು ಕಡಿಯಲಿಲ್ಲ. ಮಳೆಗಾಲ ಮುಗಿದೊಡನೆ ಡಾಂಬರು ಹಾಕುವುದು, ಮರುಮಳೆಗಾಲಕ್ಕೆ ಅದು ಕಿತ್ತು ಹೋಗುವುದು, ಮತ್ತೆ ತೇಪೆ ಹಚ್ಚುವುದು ಸಕಲೇಶಪುರದವರಿಗೆ ವಾರ್ಷಿಕ ವಿಧಿಯಾಯಿತು. ಹೆರಿಗೆಯ ನೋವಿನವರನ್ನೋ ಎದೆನೋವಿನವರನ್ನೋ ಹೊತ್ತು ಮಂಗಳೂರಿನ ಆಸ್ಪತ್ರೆಗಳಿಗೆ ಧಾವಿಸುವ ಆಂಬುಲೆನ್ಸು ಆ ಹಳ್ಳಗಳ ನಡುವೆ ತೆವಳಬೇಕಾದ ಸಂಕಟವನ್ನು ನೆನೆದರೆ, ಗಾಲಿಜಾಡಿನ ಆಳ ಕೇವಲ ಎಂಜಿನಿಯರರ ಕೋಷ್ಟಕಕ್ಕೆ ಸೇರಿದ ವಿಷಯವಲ್ಲವೆಂಬುದು ಮನದಟ್ಟಾಗುತ್ತದೆ.

ಎಲ್ಲ ಬಲವೂ ಇಳಿಜಾರಿನತ್ತ

ಬಯಲಿನ ರಸ್ತೆಯನ್ನು ಚಕ್ರ ಮುಖ್ಯವಾಗಿ ಕೆಳಕ್ಕೆ ಒತ್ತುತ್ತದೆ. ಘಟ್ಟದಲ್ಲಿ ಒತ್ತುವುದರ ಜೊತೆಗೆ ತಳ್ಳುತ್ತದೆ. ಏರುವ ಲಾರಿಯ ಎಂಜಿನು ಗಾಲಿಯನ್ನು ತಿರುಗಿಸುವಾಗ ಗಾಲಿ ರಸ್ತೆಯನ್ನು ಹಿಂದಕ್ಕೆ ನೂಕಿ ತಾನು ಮುಂದೆ ಹೋಗುತ್ತದೆ. ಏರುವವನ ಹಿಂದು ಎಂದರೆ ಇಳಿಜಾರಿನ ದಿಕ್ಕು. ಇಳಿಯುವ ಲಾರಿ ಬ್ರೇಕು ಹಾಕಿದಾಗ ಗಾಲಿ ರಸ್ತೆಯನ್ನು ತನ್ನೊಡನೆ ಮುಂದಕ್ಕೆ ಸೆಳೆಯುತ್ತದೆ. ಇಳಿಯುವವನ ಮುಂದೂ ಇಳಿಜಾರಿನ ದಿಕ್ಕೇ. ಹೋಗುವವನೂ ಬರುವವನೂ ರಸ್ತೆಯ ಮೈಯನ್ನು ಒಂದೇ ಕಡೆಗೆ, ಕೆಳಕ್ಕೆ, ಜರುಗಿಸುತ್ತಿರುತ್ತಾರೆ. ಬಿಳಿಯ ಪಟ್ಟೆ ಬಳುಕುವುದೂ, ಬ್ರೇಕು ಬೀಳುವೆಡೆಗಳಲ್ಲಿ ಡಾಂಬರು ಅಡ್ಡಡ್ಡಲಾಗಿ ಅಲೆಯಲೆಯಾಗಿ ಏಳುವುದೂ ಈ ತಳ್ಳುವಿಕೆಯಿಂದಲೇ.

ತಿರುವುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಾಹನ ಹೊರಕ್ಕೆ ಜಾರದಿರಲೆಂದು ರಸ್ತೆಯ ಹೊರ ಅಂಚನ್ನು ಎತ್ತರಿಸಿ ಕಟ್ಟುತ್ತಾರೆ. ಉದ್ದೇಶಿಸಿದ ವೇಗದಲ್ಲಿ ಬಂದ ಕಾರಿಗೆ ಅದು ಅನುಕೂಲವೇ ಸರಿ. ಆದರೆ ಭಾರ ಹೊತ್ತು ತೆವಳುವ ಲಾರಿ ಆ ಓರೆಯ ಮೇಲೆ ಒಳಮಗ್ಗುಲಿಗೆ ವಾಲುವುದರಿಂದ ಒಳಗಡೆಯ ಚಕ್ರಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ. ಘಟ್ಟದ ಹೇರ್‌ಪಿನ್ ತಿರುವುಗಳಲ್ಲಿ ಒಳಮಗ್ಗುಲಿನ ಗಾಲಿಜಾಡು ಹೆಚ್ಚು ಆಳವಾಗಿರುವುದಕ್ಕೆ ಕಾರಣ ಇದು. ಇಲಿನಾಯ್‌ನ ಪ್ರಯೋಗ ನಡೆದದ್ದು ಸಮತಟ್ಟಾದ ನೆಲದಲ್ಲಿ. ಇಂಥ ವಿಷಯಗಳ ಬಗ್ಗೆ ಅದು ಏನನ್ನೂ ಹೇಳಲಾರದು.

ಮಳೆ ಕೈಹಾಕಿದಾಗ

ಬೇಸಿಗೆ ಬಿಟ್ಟುಹೋದ ಹಳ್ಳಕ್ಕೆ ಜೂನ್ ತಿಂಗಳು ನೀರು ತುಂಬುತ್ತದೆ. ಸಕಲೇಶಪುರ ಪಟ್ಟಣದಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟದ ಅಂಚಿಗೆ ಹೋದಂತೆ ಅದು ಇನ್ನೂ ಬಹಳ ಹೆಚ್ಚುತ್ತದೆ. ಪೂರ್ವಕ್ಕೆ ಆಲೂರಿನತ್ತ ಬಂದರೆ ಅರ್ಧಕ್ಕೆ ಇಳಿಯುತ್ತದೆ. ನೆಟ್ಟಗಿರುವ ರಸ್ತೆಯ ಮೇಲೆ ಬಿದ್ದ ನೀರು ಬದಿಯ ಚರಂಡಿಗೆ ಹರಿದುಹೋಗುತ್ತದೆ. ಗಾಲಿಜಾಡಿನಲ್ಲಿ ಬಿದ್ದದ್ದು ಅಲ್ಲಿಯೇ ನಿಲ್ಲುತ್ತದೆ ಅಥವಾ ಆ ಜಾಡನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಅದರ ಮೇಲೆ ಹಾದುಹೋಗುವ ಪ್ರತಿಯೊಂದು ಚಕ್ರವೂ ಆ ನೀರನ್ನು ಮಿಶ್ರಣದ ಪೊಳ್ಳುಗಳೊಳಕ್ಕೆ ಬಲವಾಗಿ ತುರುಕಿ, ಮುಂದೆ ಸರಿದಾಗ ಅಷ್ಟೇ ಬಲವಾಗಿ ಹೊರಕ್ಕೆ ಸೆಳೆಯುತ್ತದೆ.

ಮೊಹೆಂಜೊದಾರೋದ ಮಹಾಸ್ನಾನಗೃಹದಲ್ಲಿ ನೀರು ಸೋರದಿರಲೆಂದು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬಳಸಿದ ಪದಾರ್ಥ ಈ ಡಾಂಬರು. ತಾನಾಗಿ ಅದು ನೀರನ್ನು ಒಳಗೆ ಬಿಡದು. ತೊಡಕಿರುವುದು ಡಾಂಬರು ಕಲ್ಲನ್ನು ಮುಟ್ಟುವ ಜಾಗದಲ್ಲಿ. ಸಿಲಿಕ ಹೆಚ್ಚಾಗಿರುವ ಗ್ರಾನೈಟಿನಂಥ ಕಲ್ಲುಗಳಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಅವಕಾಶ ಸಿಕ್ಕಿದರೆ ಅವು ಡಾಂಬರಿನ ಲೇಪವನ್ನು ಕಳಚಿಕೊಂಡು ನೀರನ್ನು ತಬ್ಬಿಕೊಳ್ಳುತ್ತವೆ. ಕಿತ್ತುಬಂದ ಡಾಂಬರಿನ ಹೆಂಟೆಯೊಂದನ್ನು ಮಳೆಗಾಲದಲ್ಲಿ ಕೈಯಲ್ಲಿ ಹಿಡಿದು ನೋಡಬೇಕು. ಮೇಲ್ಮೈ ಇನ್ನೂ ಕರ್ರಗಿರುತ್ತದೆ. ತಿರುಗಿಸಿದರೆ ತಳದ ಜಲ್ಲಿಗಳು ಈಗಷ್ಟೇ ಕೋರೆಯಿಂದ ತಂದವುಗಳ ಹಾಗೆ ಬೂದುಬಣ್ಣದಲ್ಲಿ ಬತ್ತಲೆಯಾಗಿರುತ್ತವೆ. ಬೆರಳಿನಿಂದ ಒತ್ತಿದರೆ ಒಂದೊಂದಾಗಿ ಉದುರುತ್ತವೆ. ಮಿಶ್ರಣಕ್ಕೆ ಸ್ವಲ್ಪ ಸುಣ್ಣದ ಪುಡಿಯನ್ನು ಸೇರಿಸಿದರೆ ಈ ಕಳಚುವಿಕೆ ಕಡಮೆಯಾಗುತ್ತದೆಂಬುದು ಚೆನ್ನಾಗಿ ತಿಳಿದ ಸಂಗತಿ; ಮಲೆನಾಡಿನ ರಸ್ತೆಗಳಲ್ಲಿ ಅದನ್ನು ಕಡ್ಡಾಯವಾಗಿ ಬಳಸತಕ್ಕದ್ದೆಂದು ನನಗೆ ತೋರುತ್ತದೆ.

ಸಿಲ್ವರ್ ಓಕ್ ಮರಗಳ ನೆರಳು ಕವಿದ ತೋಟದ ಹಾದಿಗಳಲ್ಲಿ ಬಿಸಿಲಿನ ಕಾಟ ಕಡಮೆ, ಗಾಲಿಜಾಡೂ ಕಡಮೆ. ಆದರೆ ಮಳೆ ನಿಂತ ಮೇಲೂ ಮರಗಳು ತೊಟ್ಟಿಕ್ಕುತ್ತಿದ್ದು, ರಸ್ತೆ ದಿನಗಟ್ಟಲೆ ಆರದೆ ಪಾಚಿ ಕಟ್ಟುವುದರಿಂದ, ಅಲ್ಲಿ ಗುಂಡಿಗಳು ಹೆಚ್ಚು. ಮಳೆಗಾಲದಲ್ಲಿ ದೋಣಿಗಾಲಿನ ಬಳಿ 2022ರ ಜುಲೈಯಲ್ಲಿ ಆದಂತೆ ರಸ್ತೆಯೇ ಕುಸಿಯುವುದೂ ಉಂಟಾದರೂ, ಅದು ಗುಡ್ಡವನ್ನು ಕಡಿದುದರ ಮತ್ತು ಮಣ್ಣಿನ ಕಥೆ. ಅದಕ್ಕೆ ಬೇರೆಯೇ ಲೇಖನ ಬೇಕು.

ಪರೀಕ್ಷೆ ಯಾವ ಉಷ್ಣತೆಯಲ್ಲಿ?

ನಮ್ಮ ದೇಶದಲ್ಲಿ 2006ರವರೆಗೆ ಡಾಂಬರಿನ ದರ್ಜೆಯನ್ನು ನಿರ್ಣಯಿಸುತ್ತಿದ್ದುದು 25 ಡಿಗ್ರಿ ಉಷ್ಣತೆಯಲ್ಲಿ: ನೂರು ಗ್ರಾಂ ಭಾರದ ಸೂಜಿಯೊಂದು ಐದು ಸೆಕೆಂಡಿನಲ್ಲಿ ಅದರೊಳಕ್ಕೆ ಎಷ್ಟು ಇಳಿಯುತ್ತದೆಂದು ನೋಡುತ್ತಿದ್ದರು. ಬೇಸಿಗೆಯ ರಸ್ತೆ 25 ಡಿಗ್ರಿಯಲ್ಲಿರುವುದು ಬೆಳಗಿನ ಜಾವದಲ್ಲಿ ಮಾತ್ರ. ಆ ವರ್ಷ ಭಾರತೀಯ ಮಾನಕ ಸಂಸ್ಥೆ ನಿಯಮವನ್ನು ಬದಲಿಸಿ, 60 ಡಿಗ್ರಿಯ ಸ್ನಿಗ್ಧತೆಯನ್ನೇ ದರ್ಜೆಗೆ ಆಧಾರವಾಗಿ ಮಾಡಿದ್ದು ಬಹಳ ತಡವಾಗಿ ಬಂದ ಒಳ್ಳೆಯ ತೀರ್ಮಾನ. ಭಾರೀ ಸಂಚಾರವಿರುವೆಡೆ ವಿ.ಜಿ.-40 ಎಂಬ ಇನ್ನೂ ಗಡುಸಾದ ದರ್ಜೆಯನ್ನೋ, ರಬ್ಬರು ಇಲ್ಲವೆ ಪಾಲಿಮರು ಬೆರೆಸಿದ ಡಾಂಬರನ್ನೋ ಬಳಸಬೇಕೆಂದು ಈಗಿನ ನಿಯಮಗಳು ಹೇಳುತ್ತವೆ. ಬೆಂಗಳೂರು ವಿಶ್ವವಿದ್ಯಾನಿಲಯದ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ ಅವರು 2002ರ ಸುಮಾರಿನಲ್ಲಿಯೂ, ಮಧುರೆಯ ತ್ಯಾಗರಾಜರ್ ಕಾಲೇಜಿನ ಆರ್. ವಾಸುದೇವನ್ ಅವರು ಅದೇ ಕಾಲದಲ್ಲಿಯೂ ತ್ಯಾಜ್ಯ ಪ್ಲಾಸ್ಟಿಕ್ಕನ್ನು ರಸ್ತೆಯ ಮಿಶ್ರಣಕ್ಕೆ ಸೇರಿಸಿ ನಡೆಸಿದ ಪರೀಕ್ಷೆಗಳೂ ಇದೇ ದಿಕ್ಕಿನವು.

ಮಿಶ್ರಣದ ಪರೀಕ್ಷೆಯ ಬಗ್ಗೆ ಮಾತ್ರ ನನ್ನ ಅಸಮಾಧಾನ ಉಳಿದಿದೆ. ಅಮೆರಿಕೆಯ ಮಿಸಿಸಿಪಿ ಹೆದ್ದಾರಿ ಇಲಾಖೆಯ ಬ್ರೂಸ್ ಮಾರ್ಷಲ್ ಅವರು ಎರಡನೆಯ ಮಹಾಯುದ್ಧದ ಹೊತ್ತಿಗೆ ರೂಪಿಸಿದ ಪರೀಕ್ಷೆಯನ್ನೇ ನಾವು ಇಂದಿಗೂ ನಂಬಿಕೊಂಡಿದ್ದೇವೆ. ಅಂಗೈಯಗಲದ ಮಿಶ್ರಣದ ಬಿಲ್ಲೆಯೊಂದನ್ನು 60 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಯಂತ್ರದಲ್ಲಿ ಒಮ್ಮೆ ಅದುಮಿ, ಅದು ಎಷ್ಟು ಭಾರಕ್ಕೆ ಸೋತಿತು, ಸೋಲುವ ಮುನ್ನ ಎಷ್ಟು ಹರಿಯಿತು ಎಂದು ಬರೆದುಕೊಳ್ಳುತ್ತಾರೆ. ಅದುಮುವುದು ಒಂದೇ ಸಲ, ಅದೂ ತ್ವರಿತವಾಗಿ. ಘಟ್ಟದ ರಸ್ತೆ ಸೋಲುವುದು ಮೆಲ್ಲಗೆ, ಮತ್ತೆ ಮತ್ತೆ ಬೀಳುವ ಒತ್ತಡಕ್ಕೆ. ಜರ್ಮನಿಯ ಹ್ಯಾಂಬರ್ಗ್‌ನ ಹೆಸರಿನಿಂದ ಕರೆಯುವ ಪರೀಕ್ಷೆಯಲ್ಲಿ 50 ಡಿಗ್ರಿಯ ನೀರಿನಲ್ಲಿ ಮುಳುಗಿಸಿದ ಮಿಶ್ರಣದ ಹಲಗೆಯ ಮೇಲೆ ಉಕ್ಕಿನ ಗಾಲಿಯೊಂದು ಇಪ್ಪತ್ತು ಸಾವಿರ ಸಲ ಹಿಂದಕ್ಕೂ ಮುಂದಕ್ಕೂ ಓಡುತ್ತದೆ. ಬಿಸಿಯೂ ನೀರೂ ಮರುಕಳಿಸುವ ಭಾರವೂ ಒಂದೆಡೆ ಕೂಡುವ ಈ ಪರೀಕ್ಷೆ ಶಿರಾಡಿ, ಚಾರ್ಮಾಡಿ, ಬಿಸಿಲೆಗಳಂಥ ಹಾದಿಗಳಿಗೆ ಹೇಳಿ ಮಾಡಿಸಿದಂತಿದೆ.

ಡಾಂಬರು ಹೆಚ್ಚು ಸುರಿದಷ್ಟೂ ರಸ್ತೆ ಗಟ್ಟಿ ಎಂಬ ಜನಪ್ರಿಯ ಭಾವನೆಯೂ ಬಿಡಬೇಕಾದದ್ದು. ಮಿತಿ ಮೀರಿದ ಡಾಂಬರು ಪೊಳ್ಳುಗಳನ್ನೆಲ್ಲ ತುಂಬಿ, ಹರಳುಗಳ ನಡುವೆ ಜಾರುಬಂಡಿಯಾಗಿ, ಬಿಸಿಲಿಗೆ ಮೇಲಕ್ಕೆ ಉಕ್ಕಿ ರಸ್ತೆಯನ್ನು ನುಣುಪಾಗಿಸುತ್ತದೆ. ಘಟ್ಟಕ್ಕೆ ಬೇಕಾದದ್ದು ಕೋನಕೋನವಾಗಿ ಒಡೆದ ದಪ್ಪ ಜಲ್ಲಿಗಳು ಒಂದಕ್ಕೊಂದು ಹೆಣೆದುಕೊಂಡು ಎಲುಬಿನ ಹಂದರವಾಗಿ ನಿಲ್ಲುವ ಮಿಶ್ರಣ. 1960ರ ದಶಕದಲ್ಲಿ ಜರ್ಮನರು ಇಂಥದೊಂದನ್ನು ರೂಪಿಸಿ ಯಶಸ್ವಿಯಾದರು.

ಕಾಂಕ್ರೀಟು ಮತ್ತು ಉಳಿದ ಹಾದಿಗಳು

ಶಿರಾಡಿಯಲ್ಲಿ ಕೊನೆಗೆ ಡಾಂಬರನ್ನೇ ಕೈಬಿಟ್ಟರು. ಹೆಗ್ಗದ್ದೆಯಿಂದ ಕೆಂಪುಹೊಳೆಯ ಅತಿಥಿಗೃಹದವರೆಗಿನ ಸುಮಾರು 13 ಕಿಲೋಮೀಟರಿಗೆ 2015ರಲ್ಲಿಯೂ, ಅಲ್ಲಿಂದ ಅಡ್ಡಹೊಳೆಯವರೆಗಿನ ಸುಮಾರು 12 ಕಿಲೋಮೀಟರಿಗೆ 2018ರಲ್ಲಿಯೂ ಕಾಂಕ್ರೀಟು ಹಾಸಿದರು. ರಸ್ತೆಯ ಉಷ್ಣತೆ ಹತ್ತಾದರೂ ಅರುವತ್ತಾದರೂ, ಲಾರಿ ಓಡಿದರೂ ನಿಂತರೂ, ಕಾಂಕ್ರೀಟಿನ ಬಿಗಿತ ಬದಲಾಗದು. ಗಾಲಿಜಾಡಿನ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಆದರೆ ಅದು ಗಟ್ಟಿಗೊಳ್ಳುವುದಕ್ಕೆ ವಾರಗಟ್ಟಲೆ ಬೇಕಾದ್ದರಿಂದ ಎರಡು ಸಲವೂ ಘಟ್ಟವನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಆ ದಿನಗಳಲ್ಲಿ ವಾಹನಗಳು ಚಾರ್ಮಾಡಿ, ಸಂಪಾಜೆ, ಬಿಸಿಲೆಗಳ ಹಾದಿಗಳ ಕಡೆಗೆ ತಿರುಗಿದವು. ಅವುಗಳ ಮೇಲೆ ಬಿದ್ದ ಹೊರೆಯನ್ನು ಲೆಕ್ಕದಲ್ಲಿ ಸೇರಿಸಿಕೊಂಡವರು ಕಡಮೆ. ಕಾಂಕ್ರೀಟಿನ ವೆಚ್ಚವೂ ಹೆಚ್ಚು, ಹಲಗೆಗಳ ಸಂದುಗಳಲ್ಲಿ ಅದಕ್ಕೆ ಅದರದೇ ಆದ ರೋಗಗಳೂ ಇವೆ. ಆದರೂ ಆ ಇಳಿಜಾರಿಗೆ ಅದು ಸರಿಯಾದ ಆಯ್ಕೆಯೆಂದೇ ನಾನು ತಿಳಿದಿದ್ದೇನೆ.

ಎಲ್ಲ ಹಾದಿಗೂ ಕಾಂಕ್ರೀಟು ಸಾಧ್ಯವಿಲ್ಲ. ಹೆತ್ತೂರು, ಯಸಳೂರು, ಹಾನುಬಾಳುಗಳ ಕಡೆಗೂ, ಆಲೂರಿನ ಮಗ್ಗೆ, ಕೆಂಚಮ್ಮನ ಹೊಸಕೋಟೆಗಳ ಕಡೆಗೂ ಹೋಗುವ ಒಳರಸ್ತೆಗಳು ಇನ್ನೂ ಬಹುಕಾಲ ಡಾಂಬರನ್ನೇ ನೆಚ್ಚಿಕೊಂಡಿರಬೇಕು. ಶಾಲೆಯ ಮಕ್ಕಳೂ, ತೋಟದ ಆಳುಗಳನ್ನು ತುಂಬಿಕೊಂಡ ಜೀಪುಗಳೂ, ಶುಂಠಿ ಮತ್ತು ಕಾಫಿಯ ಮೂಟೆಗಳೂ ಓಡಾಡುವ ಈ ತೆಳುಹಾಸಿನ ರಸ್ತೆಗಳಿಗೆ ಬಿಸಿಲಿಗಿಂತ ದೊಡ್ಡ ಶತ್ರು, ಹಾಕುವ ದಿನದ ಚಳಿ. ಮಿಶ್ರಣ ತಯಾರಾಗುವಾಗ ಅದರ ಉಷ್ಣತೆ 150 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದು 90 ಡಿಗ್ರಿಗೆ ಇಳಿಯುವುದರೊಳಗೆ ರೋಲರು ತನ್ನ ಕೆಲಸವನ್ನು ಮುಗಿಸಿರಬೇಕು. ದೂರದ ಮಿಶ್ರಣಕೇಂದ್ರದಿಂದ ಟಿಪ್ಪರಿನಲ್ಲಿ ಹೊರಟ ಮಿಶ್ರಣ ಡಿಸೆಂಬರಿನ ಸಂಜೆ, ಮಂಜಿಳಿಯುವ ಹೊತ್ತಿನಲ್ಲಿ ಗುಡ್ಡದ ಮೇಲಿನ ಊರನ್ನು ಮುಟ್ಟುವಾಗ ಆರಿಹೋಗಿದ್ದರೆ, ಎಷ್ಟು ಸಲ ರೋಲರು ಓಡಿಸಿದರೂ ಒಳಗಿನ ಪೊಳ್ಳುಗಳು ಮುಚ್ಚುವುದಿಲ್ಲ. ಆ ಪೊಳ್ಳುಗಳೇ ಜೂನ್ ತಿಂಗಳ ನೀರಿಗೆ ಬಾಗಿಲು. ಟಿಪ್ಪರು ಬಂದು ನಿಂತೊಡನೆ ಮಿಶ್ರಣದೊಳಕ್ಕೆ ಉಷ್ಣಮಾಪಕವನ್ನು ಇಳಿಸಿ ಅಂಕಿಯನ್ನು ಬರೆದಿಡತಕ್ಕದ್ದೆಂಬ ನಿಯಮ ಪುಸ್ತಕದಲ್ಲಿದೆ. ಊರಿನ ರಸ್ತೆಗೆ ಡಾಂಬರು ಬೀಳುವ ದಿನ ಗ್ರಾಮಸ್ಥರು ಹತ್ತಿರ ನಿಂತು ಆ ಅಂಕಿಯನ್ನು ಕೇಳಬಹುದು. ಕೇಳುವುದಕ್ಕೆ ಅವರಿಗೆ ಹಕ್ಕಿದೆ.